ಹೆಸರು ಕೆಟ್ಟರೂ ಸಾಲು ಕರಗದು

2025ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆ ವರ್ಷದ ಪದವಿ ಪ್ರವೇಶಕ್ಕೆ ಬಂದಿದ್ದ ಅರ್ಜಿಗಳ ಲೆಕ್ಕ ಪ್ರಕಟಿಸಿತು: 47,893. ಹಿಂದಿನ ವರ್ಷ ಅದು 54,008 ಇತ್ತು, ಅದಕ್ಕೂ ಹಿಂದಿನ ವರ್ಷ 56,937. ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದರೆ ಸಾಕು, ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಗಾಜಾ ಯುದ್ಧದ ಬೆನ್ನಿಗೆ ಕ್ಯಾಂಪಸ್ಸಿನಲ್ಲಿ ಎದ್ದ ಗಲಾಟೆ, ಸಂಸದೀಯ ಸಮಿತಿಯ ಮುಂದೆ ಅಧ್ಯಕ್ಷೆ ಕೊಟ್ಟ, ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ, ಅವರ ಮೇಲೆ ಬಂದ ಕೃತಿಚೌರ್ಯದ ಆರೋಪ, ರಾಜೀನಾಮೆ, ಮುನಿಸಿಕೊಂಡ ದಾನಿಗಳು, ಆಮೇಲೆ ಟ್ರಂಪ್ ಸರ್ಕಾರದ ಜೊತೆಗಿನ ಕೋರ್ಟು ಕಟ್ಟಳೆ. ಹೆಸರು ಕೆಟ್ಟಿತು, ಹಾಗಾಗಿ ಹುಡುಗರು ಹಿಂದೆ ಸರಿದರು. ಅಮೆರಿಕದ ಟೀಕಾಕಾರರು ಈ ಕಥೆಯನ್ನು ತೃಪ್ತಿಯಿಂದ ಹೇಳಿದರು, ಅಭಿಮಾನಿಗಳು ಆತಂಕದಿಂದ ಹೇಳಿದರು. ಕಥೆ ನಿಜವೇ ಎಂದು ಎರಡೂ ಕಡೆಯವರು ಹೆಚ್ಚು ಕೆದಕಲಿಲ್ಲ. ಅಂಕಿಗಳನ್ನು ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಬಹುಭಾಗ ನಿಲ್ಲುವುದಿಲ್ಲ. ಸೀಟಿಗಿಂತ ಇಪ್ಪತ್ತೈದು ಮೂವತ್ತು ಪಟ್ಟು ಅರ್ಜಿ ಬರುವ ಸಂಸ್ಥೆಗೆ ಕೆಟ್ಟ ಪ್ರಚಾರದಿಂದ ಆಗುವ ನಷ್ಟ ಅರ್ಜಿಗಳ ಒಟ್ಟು ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ಕಡಿಮೆ. ಅದು ನಿಜವಾಗಿ ಹೊಡೆಯುವುದು ಅಂಥ ಸಾಲು ಇಲ್ಲದ ಸಂಸ್ಥೆಗಳನ್ನು.

ದಿನಾಂಕಗಳಿಂದಲೇ ಶುರು ಮಾಡೋಣ. ಹಾರ್ವರ್ಡ್‌ಗೆ ಅರ್ಜಿ ಹಾಕಲು ಎರಡು ಸುತ್ತುಗಳಿವೆ. ಮುಂಗಡ ಸುತ್ತಿನ ಕೊನೆಯ ದಿನ ನವೆಂಬರ್ 1, ಸಾಮಾನ್ಯ ಸುತ್ತಿನದು ಜನವರಿ 1. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದ ಬೆನ್ನಲ್ಲೇ ಹಾರ್ವರ್ಡಿನ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿ ಸಂಘಟನೆಗಳ ಹೆಸರಿನಲ್ಲಿ ಬಂದ ಹೇಳಿಕೆಯಿಂದ ವಿವಾದ ಹೊತ್ತಿಕೊಂಡಿತು. ಅಧ್ಯಕ್ಷೆ ಕ್ಲಾಡಿನ್ ಗೇ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಕುಳಿತದ್ದು ಡಿಸೆಂಬರ್ 5ರಂದು. ಯಹೂದಿಗಳ ನರಮೇಧಕ್ಕೆ ಕರೆ ಕೊಡುವುದು ವಿಶ್ವವಿದ್ಯಾಲಯದ ನಿಯಮಕ್ಕೆ ವಿರುದ್ಧವೇ ಎಂಬ ನೇರ ಪ್ರಶ್ನೆಗೆ ಅದು ಸಂದರ್ಭವನ್ನು ಅವಲಂಬಿಸಿದೆ ಎಂಬರ್ಥದ ಉತ್ತರ ಕೊಟ್ಟರು, ಆ ತುಣುಕು ಲೋಕವೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ಕೃತಿಚೌರ್ಯದ ಆರೋಪ ಬಂತು. 2024ರ ಜನವರಿ 2ರಂದು, ಅಂದರೆ ಸಾಮಾನ್ಯ ಸುತ್ತಿನ ಅರ್ಜಿ ಮುಗಿದ ಮಾರನೆಯ ದಿನ, ಅವರು ರಾಜೀನಾಮೆ ಕೊಟ್ಟರು. ಆ ಸಾಲಿನಲ್ಲಿ ಮುಂಗಡ ಅರ್ಜಿಗಳು 9,553ರಿಂದ 7,921ಕ್ಕೆ ಇಳಿದವು. ಶೇ 17ರ ಕುಸಿತ. ಈ ಸುದ್ದಿ ಹೊರಬಿದ್ದದ್ದು ಡಿಸೆಂಬರ್ ಮಧ್ಯಭಾಗದಲ್ಲಿ, ಸಂಸದೀಯ ವಿಚಾರಣೆಯ ಕಾವು ಏರಿದ್ದ ಹೊತ್ತಿಗೆ. ಹಾಗಾಗಿ ಎಲ್ಲರೂ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಆದರೆ ಆ ಅರ್ಜಿಗಳೆಲ್ಲ ವಿಚಾರಣೆಗೆ ಒಂದು ತಿಂಗಳ ಮೊದಲೇ ಸೇರಿಯಾಗಿದ್ದವು. ವಿಚಾರಣೆ, ಕೃತಿಚೌರ್ಯದ ಆರೋಪ ಎಲ್ಲವನ್ನೂ ಕಂಡ ಮೇಲೆ ಮುಗಿದದ್ದು ಸಾಮಾನ್ಯ ಸುತ್ತು. ಒಟ್ಟು ಲೆಕ್ಕದಿಂದ ಮುಂಗಡದವರನ್ನು ಕಳೆದು ನೋಡಿ: ಹಿಂದಿನ ವರ್ಷ 47,384 ಇದ್ದದ್ದು ಆ ವರ್ಷ 46,087. ಶೇ 3ಕ್ಕೂ ಕಡಿಮೆ ಇಳಿಕೆ. ಸುದ್ದಿ ದೊಡ್ಡದಾದ ಮೇಲೆ ಕುಸಿತ ಚಿಕ್ಕದಾಯಿತು!

ಇದಕ್ಕೆ ಕಾರಣ ಅರ್ಜಿ ಹಾಕುವ ವ್ಯವಸ್ಥೆಯೊಳಗೇ ಇದೆ. ಹಾರ್ವರ್ಡಿನ ಮುಂಗಡ ಸುತ್ತಿಗೆ ಅರ್ಜಿ ಹಾಕಿದವರು ಅದೇ ಸುತ್ತಿನಲ್ಲಿ ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಹಾಕುವಂತಿಲ್ಲ. ಕೈಯಲ್ಲಿ ಇರುವುದು ಒಂದೇ ಅವಕಾಶ. ಅದನ್ನು ಹಾರ್ವರ್ಡ್ ಮೇಲೆ ಖರ್ಚು ಮಾಡುವುದೋ ಯೇಲ್ ಮೇಲೋ ಎಂದು ಎರಡು ಮನಸ್ಸಾಗಿರುವ ಹುಡುಗಿಯನ್ನು ಒಂದು ವಾರದ ಕೆಟ್ಟ ಸುದ್ದಿ ಸುಲಭವಾಗಿ ಆ ಕಡೆಗೆ ತಿರುಗಿಸಬಹುದು. ಸಾಮಾನ್ಯ ಸುತ್ತಿನ ಲೆಕ್ಕವೇ ಬೇರೆ. ಕಾಮನ್ ಆ್ಯಪ್ ಎಂಬ ಒಂದೇ ಜಾಲತಾಣದ ಮೂಲಕ ಇಪ್ಪತ್ತು ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಮುಖ್ಯ ಪ್ರಬಂಧ ಒಂದೇ, ಶಿಫಾರಸು ಪತ್ರಗಳೂ ಅವೇ. ಇನ್ನೊಂದು ಹೆಸರು ಸೇರಿಸಲು ಬೇಕಾದದ್ದು ಒಂದಿಷ್ಟು ಪುಟ್ಟ ಉತ್ತರಗಳು ಮತ್ತು ನೂರು ಡಾಲರಿಗೂ ಕಡಿಮೆಯ ಶುಲ್ಕ. ಬಡ ವಿದ್ಯಾರ್ಥಿಗಳಿಗೆ ಅದೂ ಮಾಫಿ. ಅಂಥ ಪಟ್ಟಿಯಿಂದ ಹಾರ್ವರ್ಡನ್ನು ತೆಗೆದುಹಾಕುವಷ್ಟು ಕೋಪ ಯಾರಿಗೆ ಬರುತ್ತದೆ? ಮೊದಲ ಆಯ್ಕೆಯಾಗಿದ್ದದ್ದು ಮೂರನೆಯದಾಗಬಹುದು, ಆದರೂ ಪಟ್ಟಿಯಲ್ಲಿ ಉಳಿಯುತ್ತದೆ. ಮುಂಗಡ ಸುತ್ತಿನಲ್ಲಿ ಕಾಣೆಯಾದ 1,632 ಮಂದಿಯಲ್ಲಿ ಒಂದಿಷ್ಟು ಜನ ಎರಡು ತಿಂಗಳ ನಂತರ ಸಾಮಾನ್ಯ ಸುತ್ತಿನಲ್ಲಿ ಮತ್ತೆ ಬಂದಿರಲೂ ಸಾಕು. ಕೆಟ್ಟ ಸುದ್ದಿ ಮನಸ್ಸಿನೊಳಗಿನ ಆದ್ಯತೆಯನ್ನು ಕದಲಿಸುತ್ತದೆ. ಅರ್ಜಿಗಳ ಒಟ್ಟು ಸಂಖ್ಯೆಯಾದರೋ ಆದ್ಯತೆಯನ್ನು ಅಳೆಯುವುದೇ ಇಲ್ಲ. ಪತ್ರಿಕೆಗಳು ತಲೆಬರಹಕ್ಕೆ ಎತ್ತಿಕೊಳ್ಳುವುದು ಮಾತ್ರ ಅದನ್ನೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಾರ್ವರ್ಡ್ ಶೇ 5ರಷ್ಟು ಇಳಿದ ಅದೇ ಸಾಲಿನಲ್ಲಿ ಯೇಲ್‌ಗೆ 52 ಸಾವಿರ ಚಿಲ್ಲರೆಯಿಂದ 57,465ಕ್ಕೆ ಅರ್ಜಿ ಏರಿತು. ಕೊಲಂಬಿಯಾ 57,129ರಿಂದ 60,248ಕ್ಕೆ ಹೋಯಿತು. ಊರೆಲ್ಲ ಏರುವಾಗ ಒಂದು ಮನೆ ಇಳಿದಿದ್ದರೆ ಅದರ ನಷ್ಟವನ್ನು ಊರಿನ ಏರಿಕೆಯ ಎದುರಿಟ್ಟೇ ಅಳೆಯಬೇಕು; ಆಗ ಹಾರ್ವರ್ಡ್ ಕಳೆದುಕೊಂಡದ್ದು ಶೇ 10 ಅಥವಾ 15 ಎನ್ನಬೇಕಾಗುತ್ತದೆ. ವಾದ ಸರಿಯಾಗಿಯೇ ಇದೆ. ಆದರೆ ಅದೇ ವಿಚಾರಣೆಯ ಮೇಜಿನ ಹಿಂದೆ ಕುಳಿತಿದ್ದ ಇನ್ನಿಬ್ಬರನ್ನು ಮರೆಯಬಾರದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಜ್ ಮ್ಯಾಗಿಲ್ ಹೆಚ್ಚುಕಡಿಮೆ ಅದೇ ಉತ್ತರ ಕೊಟ್ಟು, ಗೇ ಅವರಿಗಿಂತ ಮೊದಲೇ, ನಾಲ್ಕೇ ದಿನದಲ್ಲಿ ಕುರ್ಚಿ ಬಿಟ್ಟರು. ಆ ವರ್ಷ ಪೆನ್‌ಗೆ ಬಂದ ಅರ್ಜಿ 65 ಸಾವಿರ ದಾಟಿತು. ಅದರ ಇತಿಹಾಸದಲ್ಲೇ ಅದುವರೆಗಿನ ದಾಖಲೆ. ಮುಂದಿನ ವರ್ಷ 72 ಸಾವಿರವನ್ನೂ ದಾಟಿತು. ಎಂಐಟಿಯ ಸ್ಯಾಲಿ ಕಾರ್ನ್‌ಬ್ಲೂತ್ ಕೂಡ ಅಲ್ಲೇ ಕುಳಿತಿದ್ದರು, ಅಲ್ಲಿಯೂ ಅರ್ಜಿ 26,914ರಿಂದ 28,232ಕ್ಕೆ ಏರಿತು. ಒಂದೇ ದಿನ, ಒಂದೇ ಕೊಠಡಿ, ಒಂದೇ ಪ್ರಶ್ನೆ. ಇಳಿದದ್ದು ಒಂದೇ ಸಂಸ್ಥೆ. ಅಪರಾಧಕ್ಕೂ ದಂಡಕ್ಕೂ ಇಲ್ಲಿ ತಾಳಮೇಳವಿಲ್ಲ. ಸುದ್ದಿಮನೆಗಳಿಗೆ ಹಾರ್ವರ್ಡ್ ಎಂಬ ಹೆಸರು ಕೊಡುವ ರುಚಿ ಪೆನ್ ಕೊಡುವುದಿಲ್ಲ, ಹಾಗಾಗಿ ಹಾರ್ವರ್ಡಿನ ಕಥೆ ತಿಂಗಳುಗಟ್ಟಲೆ ಎಳೆಯಿತು. 2023ರ ಜೂನ್‌ನಲ್ಲಿ ಜನಾಂಗಾಧಾರಿತ ಪ್ರವೇಶವನ್ನು ರದ್ದು ಮಾಡಿದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಮುಖ್ಯ ಪ್ರತಿವಾದಿ ಹಾರ್ವರ್ಡೇ ಆಗಿತ್ತು. ಕಪ್ಪು ವಿದ್ಯಾರ್ಥಿಗಳು, ಲ್ಯಾಟಿನೋ ವಿದ್ಯಾರ್ಥಿಗಳು ಆ ತೀರ್ಪಿನ ಬಳಿಕ ಅರ್ಜಿ ಹಾಕಲು ಹಿಂಜರಿದಿದ್ದರೆ ಅದನ್ನು ಗಾಜಾ ಗಲಾಟೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ.

ಇನ್ನು ದೊಡ್ಡ ಕುಸಿತ, 54,008ರಿಂದ 47,893ಕ್ಕೆ, ಶೇ 11. ಇದನ್ನು ವಿವರಿಸಲು ಹಗರಣದ ಹಂಗೇ ಬೇಕಿಲ್ಲ. 2020ರಲ್ಲಿ ಕೊರೊನಾ ಬಂದು, ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಕೇಂದ್ರಗಳು ಮುಚ್ಚಿದಾಗ ಹಾರ್ವರ್ಡ್ ಆ ಅಂಕ ಕಡ್ಡಾಯವಲ್ಲ ಎಂದಿತು. ಪರಿಣಾಮ ನೋಡಿ: ಹಿಂದಿನ ಸಾಲಿನಲ್ಲಿ 40,248 ಇದ್ದ ಅರ್ಜಿ ಒಂದೇ ನೆಗೆತಕ್ಕೆ 57,435 ಆಯಿತು, ಅದರ ಮುಂದಿನ ವರ್ಷ 61,220. ಆ ಅವಧಿಯಲ್ಲಿ ಹಾರ್ವರ್ಡಿನ ಬೋಧನೆ ಶೇ 40ರಷ್ಟು ಉತ್ತಮವಾಗಲಿಲ್ಲ, ಕೀರ್ತಿಯೂ ಅಷ್ಟು ಹೆಚ್ಚಲಿಲ್ಲ. ಫಾರಂನಲ್ಲಿ ಒಂದು ಅಂಕಣ ಐಚ್ಛಿಕವಾಯಿತು, ಅಷ್ಟೇ. ಸ್ಯಾಟ್‌ನಲ್ಲಿ ಅಂಥ ಅಂಕ ಬಾರದವರು ಕೂಡ ಒಂದು ಕೈ ನೋಡೋಣ ಎಂದುಕೊಂಡರು. 2024ರ ಏಪ್ರಿಲ್‌ನಲ್ಲಿ ಹಾರ್ವರ್ಡ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಬಂದವರಲ್ಲಿ ಒಂದು ಪಾಲು ಬಂದ ಹಾದಿಯಲ್ಲೇ ಹಿಂತಿರುಗಿದರು. ಅದೇ ವರ್ಷ ಪರೀಕ್ಷೆಯನ್ನು ಮರಳಿ ತಂದ ಯೇಲ್‌ನಲ್ಲಿ 57,465 ಇದ್ದದ್ದು 50,227ಕ್ಕೆ ಇಳಿಯಿತು. ಬ್ರೌನ್‌ನಲ್ಲಿ 48 ಸಾವಿರ ಚಿಲ್ಲರೆ ಇದ್ದದ್ದು 42,765ಕ್ಕೆ. ಎರಡೂ ಕಡೆ ಶೇ 12ರ ಆಸುಪಾಸಿನ ಇಳಿಕೆ, ಅಂದರೆ ಹಾರ್ವರ್ಡಿಗಿಂತ ಹೆಚ್ಚು. ಅವುಗಳ ಅಧ್ಯಕ್ಷರ ಹೆಸರು ಎಷ್ಟು ಜನಕ್ಕೆ ಗೊತ್ತಿದೆ? ಎಂಐಟಿ ಇವೆಲ್ಲಕ್ಕಿಂತ ಮೊದಲು, 2022ರಲ್ಲೇ, ಪರೀಕ್ಷೆಯನ್ನು ಮರಳಿ ತಂದಿತ್ತು. ಯಾವ ಹಗರಣವೂ ಇಲ್ಲದ ಆ ವರ್ಷ ಅಲ್ಲಿನ ಅರ್ಜಿ 33 ಸಾವಿರದಿಂದ 27 ಸಾವಿರದೊಳಗೆ ಬಿತ್ತು. ನಿಯಮ ಒಂದು ಸಾಲು ಬದಲಾದರೆ ಸಾವಿರಗಳಲ್ಲಿ ಏರುಪೇರಾಗುವ ಸಂಖ್ಯೆಯನ್ನು ನೈತಿಕ ತೀರ್ಪು ಎಂದು ಓದಿಕೊಳ್ಳುವುದು ಮಳೆಮಾಪಕ ನೋಡಿ ಬಿಸಿಲಿನ ಲೆಕ್ಕ ಹೇಳಿದಂತೆ.

ಪರೀಕ್ಷೆಯ ನಿಯಮ ಬದಲಾಗದ, ಆದರೆ ಸುದ್ದಿ ಮಾತ್ರ ಭೀಕರವಾಗಿದ್ದ ಸಂಸ್ಥೆಯೊಂದು ಸಿಕ್ಕರೆ ಈ ವಾದವನ್ನು ಒರೆಗೆ ಹಚ್ಚಿ ನೋಡಬಹುದು. ಕೊಲಂಬಿಯಾ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಹುಲ್ಲುಹಾಸಿನ ಮೇಲೆ ಡೇರೆಗಳು ಎದ್ದವು, ಒಂದೇ ದಿನ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ತಿಂಗಳ ಕೊನೆಗೆ ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್‌ಗೆ ನುಗ್ಗಿ ಬಾಗಿಲು ಹಾಕಿಕೊಂಡರು. ನ್ಯೂಯಾರ್ಕ್ ಪೊಲೀಸರು ಎರಡನೇ ಮಹಡಿಯ ಕಿಟಕಿಯ ಮೂಲಕ ಒಳಹೊಕ್ಕ ದೃಶ್ಯ ಎಲ್ಲ ಟಿವಿಗಳಲ್ಲೂ ಓಡಿತು. ವಿಶ್ವವಿದ್ಯಾಲಯದ ಮುಖ್ಯ ಘಟಿಕೋತ್ಸವವೇ ರದ್ದಾಯಿತು. ಅಧ್ಯಕ್ಷೆ ಮಿನೂಷ್ ಶಫೀಕ್ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಹಾರ್ವರ್ಡಿನಲ್ಲಿ ನಡೆದದ್ದು ಬಹುಪಾಲು ಮಾತಿನ ಗಲಾಟೆ, ಇಲ್ಲಿ ಮಕ್ಕಳ ಕೈಗೆ ಕೋಳ ಬಿದ್ದಿತ್ತು. ಇದೆಲ್ಲವನ್ನೂ ಕಣ್ಣಾರೆ ಕಂಡು, ಯೋಚಿಸಲು ಎಂಟು ತಿಂಗಳು ಸಮಯವಿದ್ದು ಅರ್ಜಿ ಹಾಕಿದವರು 2025ರಲ್ಲಿ ಕಾಲೇಜು ಸೇರಬೇಕಿದ್ದ ತಂಡದವರು. ಅವರ ಸಂಖ್ಯೆ 59,616. ಹಿಂದಿನ ವರ್ಷಕ್ಕಿಂತ ಶೇ 1ರಷ್ಟು ಕಡಿಮೆ. ಕೊಲಂಬಿಯಾ ಸ್ಯಾಟ್ ಅಂಕವನ್ನು ಕಡ್ಡಾಯ ಮಾಡಿರಲಿಲ್ಲ. ಹಗರಣ ಬಂದು ಪರೀಕ್ಷೆ ಬಾರದ ಕಡೆ ಶೇ 1, ಪರೀಕ್ಷೆ ಬಂದು ಹಗರಣ ಬಾರದ ಕಡೆ ಶೇ 12. ಇದಕ್ಕಿಂತ ಸ್ಪಷ್ಟವಾದ ಹೋಲಿಕೆಯನ್ನು ಪ್ರಯೋಗಾಲಯದಲ್ಲೂ ಏರ್ಪಡಿಸಲಾಗದು. ಇನ್ನೊಂದು ಮಾತು: 2025ರ ಹಾರ್ವರ್ಡ್ ಇಳಿಕೆಯನ್ನು ಟ್ರಂಪ್ ಜೊತೆಗಿನ ಜಗಳಕ್ಕೆ ಗಂಟುಹಾಕುವವರೂ ಇದ್ದಾರೆ. ಆ ಅರ್ಜಿಗಳ ಕೊನೆಯ ದಿನ 2025ರ ಜನವರಿ 1. ಟ್ರಂಪ್ ಎರಡನೇ ಬಾರಿ ಪ್ರಮಾಣವಚನ ಸ್ವೀಕರಿಸಿದ್ದು ಜನವರಿ 20ರಂದು.

ಹಾಗಾದರೆ ಸಂಶೋಧನೆ ಏನು ಹೇಳುತ್ತದೆ? ಮೈಕೆಲ್ ಲೂಕಾ, ಪ್ಯಾಟ್ರಿಕ್ ರೂನಿ, ಜೊನಾಥನ್ ಸ್ಮಿತ್ ಎಂಬ ಮೂವರು ಸಂಶೋಧಕರು ಅಮೆರಿಕದ ಅಗ್ರ ನೂರು ವಿಶ್ವವಿದ್ಯಾಲಯಗಳಲ್ಲಿ 2001ರಿಂದ 2013ರವರೆಗೆ ನಡೆದ ಹಗರಣಗಳನ್ನು ಕಲೆಹಾಕಿ 2016ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಒಂದು ಪ್ರಬಂಧದಲ್ಲಿ ಉತ್ತರ ಕೊಟ್ಟಿದ್ದಾರೆ. ಹಗರಣದ ಬಗ್ಗೆ ನಿಯತಕಾಲಿಕೆಯಲ್ಲಿ ದೀರ್ಘ ಲೇಖನ ಬಂದರೆ ಮುಂದಿನ ವರ್ಷ ಅರ್ಜಿಗಳು ಶೇ 10ರಷ್ಟು ಇಳಿಯುತ್ತವೆ; ಇದು ಪ್ರಸಿದ್ಧ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಹತ್ತು ಸ್ಥಾನ ಕೆಳಗಿಳಿದಷ್ಟೇ ಪೆಟ್ಟು. ಹೆಚ್ಚು ಸುದ್ದಿಯಾಗದ ಹಗರಣಗಳಿಂದ ಗಮನಿಸುವಂಥ ಪರಿಣಾಮವಿಲ್ಲ. ನನ್ನ ವಾದಕ್ಕೆ ಇದು ಎದುರಾಗಿ ನಿಂತಂತೆ ಕಾಣಬಹುದು. ಆದರೆ ಈ ಶೇ 10 ನೂರು ಸಂಸ್ಥೆಗಳ ಸರಾಸರಿ. ಆ ನೂರರಲ್ಲಿ ನೂರಕ್ಕೆ ನಾಲ್ವರನ್ನು ಸೇರಿಸಿಕೊಳ್ಳುವ ಕಾಲೇಜೂ ಇದೆ, ನೂರಕ್ಕೆ ಅರವತ್ತು ಮಂದಿಯನ್ನು ಸೇರಿಸಿಕೊಳ್ಳುವುದೂ ಇದೆ. ಎರಡಕ್ಕೂ ಶೇ 10 ಇಳಿದರೆ ಕಾಗದದ ಮೇಲೆ ಪೆಟ್ಟು ಒಂದೇ, ನೆಲದ ಮೇಲೆ ಒಂದೇ ಅಲ್ಲ. 47,893ಕ್ಕೆ ಇಳಿದ ವರ್ಷವೂ ಹಾರ್ವರ್ಡ್ ಸೀಟು ಕೊಟ್ಟದ್ದು 2,003 ಮಂದಿಗೆ. ಒಂದು ಸೀಟಿಗೆ ಸುಮಾರು ಇಪ್ಪತ್ನಾಲ್ಕು ಮಂದಿ. ಇನ್ನೂ ಹತ್ತು ಸಾವಿರ ಜನ ಕೈಬಿಟ್ಟರೂ ಒಂದು ಬೆಂಚೂ ಖಾಲಿ ಉಳಿಯದು. ಆ ಅಧ್ಯಯನದ ಹೆಚ್ಚು ಬೆಲೆಯುಳ್ಳ ಅಂಶ ಬೇರೆ ಇದೆ: ತಪ್ಪಿನ ಗಾತ್ರಕ್ಕಿಂತ ಬರಹದ ಉದ್ದ ಮುಖ್ಯವಾಯಿತು ಎಂಬುದು. ಪೆನ್ ಮತ್ತು ಹಾರ್ವರ್ಡಿನ ನಡುವೆ ಕಂಡ ವ್ಯತ್ಯಾಸಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಸಾಲು ಇಲ್ಲದ ಸಂಸ್ಥೆಗೆ ಏನಾಗುತ್ತದೆ ಎಂದು ನೋಡಬೇಕಾದರೆ ಮಿಸ್ಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿಗೆ ಹೋಗಬೇಕು. ಅಲ್ಲಿನ ಮಿಸ್ಸೌರಿ ವಿಶ್ವವಿದ್ಯಾಲಯ ಒಳ್ಳೆಯ ಹೆಸರಿನ ಸರ್ಕಾರಿ ಸಂಸ್ಥೆ. ಅದರ ಪತ್ರಿಕೋದ್ಯಮ ಶಾಲೆ 1908ರಷ್ಟು ಹಳೆಯದು, ಜಗತ್ತಿನ ಮೊದಲನೆಯದು ಎಂದೇ ಪ್ರಸಿದ್ಧ. ಆದರೆ ಅರ್ಜಿ ಹಾಕಿದ ಹೆಚ್ಚಿನವರಿಗೆ ಅಲ್ಲಿ ಸೀಟು ಸಿಗುತ್ತದೆ. 2015ರಲ್ಲಿ ಕಪ್ಪು ವಿದ್ಯಾರ್ಥಿಗಳ ಮೇಲಿನ ಜನಾಂಗೀಯ ಕಿರುಕುಳವನ್ನು ಆಡಳಿತ ಲಘುವಾಗಿ ಕಂಡಿತೆಂದು ಪ್ರತಿಭಟನೆ ಎದ್ದಿತು. ಒಬ್ಬ ವಿದ್ಯಾರ್ಥಿ ಉಪವಾಸ ಕೂತ, ಫುಟ್‌ಬಾಲ್ ತಂಡ ಆಡುವುದಿಲ್ಲ ಎಂದು ಘೋಷಿಸಿತು. ನವೆಂಬರ್ 9ರಂದು ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷ ಟಿಮ್ ವುಲ್ಫ್ ರಾಜೀನಾಮೆ ಕೊಟ್ಟರು, ಕ್ಯಾಂಪಸ್ಸಿನ ಚಾನ್ಸಲರ್ ಕೂಡ ಹುದ್ದೆ ಬಿಡುವುದಾಗಿ ಹೇಳಿದರು. ಅದೇ ದಿನ ಸಂವಹನ ವಿಭಾಗದ ಅಧ್ಯಾಪಕಿಯೊಬ್ಬರು, ವಿಡಿಯೊ ಚಿತ್ರಿಸುತ್ತಿದ್ದ ವಿದ್ಯಾರ್ಥಿಯನ್ನು ಹೊರದಬ್ಬಲು ಆಳುಗಳನ್ನು ಕರೆದ ದೃಶ್ಯವೂ ದೇಶವೆಲ್ಲ ಓಡಾಡಿತು. ಅದೂ ಪತ್ರಿಕೋದ್ಯಮಕ್ಕೆ ಹೆಸರಾದ ಕ್ಯಾಂಪಸ್ಸಿನಲ್ಲಿ. ಎರಡೇ ವರ್ಷಗಳಲ್ಲಿ ಮೊದಲ ವರ್ಷದ ಪ್ರವೇಶ ಆರು ಸಾವಿರಕ್ಕೂ ಮೇಲಿದ್ದದ್ದು ನಾಲ್ಕು ಸಾವಿರದ ಹತ್ತಿರಕ್ಕೆ, ಸುಮಾರು ಮೂರನೇ ಒಂದರಷ್ಟು, ಕುಸಿಯಿತು. ನಾನೂರಕ್ಕೂ ಹೆಚ್ಚು ಹುದ್ದೆಗಳು ಹೋದವು. ಏಳು ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳಿಲ್ಲದಾಯಿತು. ಅವುಗಳಲ್ಲಿ ಕೆಲವನ್ನು ಫುಟ್‌ಬಾಲ್ ಪಂದ್ಯ ನೋಡಲು ಬರುವವರಿಗೆ, 2017ರ ಆಗಸ್ಟಿನ ಸಂಪೂರ್ಣ ಸೂರ್ಯಗ್ರಹಣ ನೋಡಲು ಬರುವವರಿಗೆ ಲಾಡ್ಜಿನ ಹಾಗೆ ಬಾಡಿಗೆಗೆ ಕೊಡಲು ಆಡಳಿತ ಮುಂದಾಯಿತು.

ಮಿಸ್ಸೌರಿಯಲ್ಲಿ ಹಿಂದೆ ಸರಿದವರು ಒಂದೇ ಬಣ್ಣದವರಲ್ಲ, ಇದನ್ನು ಗಮನಿಸಬೇಕು. ಇದು ಜನಾಂಗದ್ವೇಷದ ಜಾಗ ಎಂದು ಕಪ್ಪು ಕುಟುಂಬಗಳು ಹಿಂಜರಿದವು. ಇದು ಶಿಸ್ತಿಲ್ಲದ ಜಾಗ ಎಂದು ಬಿಳಿ ಕುಟುಂಬಗಳು ಹಿಂಜರಿದವು. ಒಂದೇ ಸುದ್ದಿಯನ್ನು ಎರಡು ಗುಂಪುಗಳು ವಿರುದ್ಧ ಕಾರಣಕ್ಕೆ ಓದಿ ಒಂದೇ ತೀರ್ಮಾನಕ್ಕೆ ಬಂದವು. ಅಕ್ಕಪಕ್ಕದ ರಾಜ್ಯಗಳಲ್ಲಿ, ಕಾನ್ಸಾಸ್‌ನಲ್ಲೋ ಅಯೋವಾದಲ್ಲೋ, ಹೆಚ್ಚುಕಡಿಮೆ ಅದೇ ಮಟ್ಟದ ಶಿಕ್ಷಣ ಸಿಗುತ್ತಿತ್ತು. ಕೈಬಿಟ್ಟರೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಕುಸಿತಕ್ಕೆ ಪ್ರತಿಭಟನೆಯೊಂದೇ ಕಾರಣವಲ್ಲ ಎನ್ನುವವರ ಮಾತಿನಲ್ಲೂ ಹುರುಳಿದೆ. ಆ ಭಾಗದಲ್ಲಿ ಪ್ರೌಢಶಾಲೆ ಮುಗಿಸುವ ಮಕ್ಕಳ ಸಂಖ್ಯೆಯೇ ಇಳಿಮುಖವಾಗಿತ್ತು, ರಾಜ್ಯ ಸರ್ಕಾರ ಅನುದಾನವನ್ನೂ ಕಡಿಮೆ ಮಾಡಿತ್ತು. ಮುಂದಿನ ವರ್ಷಗಳಲ್ಲಿ ಪ್ರವೇಶ ಚೇತರಿಸಿಕೊಂಡಿತು. ಆದರೆ ಮಧ್ಯದ ಎರಡು ಮೂರು ವರ್ಷ ಕೆಲಸ ಕಳೆದುಕೊಂಡವರಲ್ಲಿ ಗುತ್ತಿಗೆಯ ಬೋಧಕರೂ ಇದ್ದರು. ಹಾರ್ವರ್ಡಿನ ಹೆಸರು ಕೆಟ್ಟಾಗ ಅಂಥವರಿಗೆ ಅರ್ಜಿ ಕಡಿಮೆಯಾದ ಕಾರಣಕ್ಕೆ ಕೆಲಸ ಹೋದದ್ದಿಲ್ಲ.

ಇನ್ನೊಂದು ಆಕ್ಷೇಪಣೆ ಉಳಿದಿದೆ. ಬೆಂಚು ತುಂಬಿತು ಸರಿ, ತುಂಬಿದವರು ಯಾರು? ಅತ್ಯುತ್ತಮರು ಬೇರೆಡೆ ಹೋಗಿ ಉಳಿದವರು ಬಂದಿದ್ದರೆ ಸಂಖ್ಯೆ ಅದನ್ನು ಹೇಳದು. ಇದನ್ನು ಅಳೆಯಲು ಅರ್ಜಿಗಳ ಸಂಖ್ಯೆಗಿಂತ ನಂಬಿಕಸ್ಥ ಅಳತೆಯೊಂದಿದೆ: ಸೀಟು ಸಿಕ್ಕವರಲ್ಲಿ ಎಷ್ಟು ಮಂದಿ ಸೇರಿದರು? ಹಾರ್ವರ್ಡಿನಲ್ಲಿ ಸೀಟು ಸಿಕ್ಕವರಿಗೆ ಬೇರೆ ಕಡೆಯೂ ಸಿಕ್ಕಿರುತ್ತದೆ, ಆಯ್ಕೆ ನಿಜವಾಗಿ ಅವರ ಕೈಯಲ್ಲಿರುತ್ತದೆ. 2024ರ ವಸಂತದಲ್ಲಿ, ಅಧ್ಯಕ್ಷೆ ಹೋಗಿ ಮೂರು ತಿಂಗಳು ದಾಟಿತ್ತು, ಕ್ಯಾಂಪಸ್ಸಿನಲ್ಲಿ ಡೇರೆಗಳು ಏಳುತ್ತಿದ್ದವು. ಆಗಲೂ ನೂರಕ್ಕೆ ಸುಮಾರು 84 ಮಂದಿ ಬರುತ್ತೇವೆ ಎಂದರು. ಹಿಂದಿನ ವರ್ಷಕ್ಕೂ ಅದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಇನ್ನು ಗುಂಪಿನ ಒಳಗಿನ ಬದಲಾವಣೆ. ಯಾವ ಊರಿನ, ಯಾವ ಧರ್ಮದ, ಯಾವ ಬಣ್ಣದ ಮಕ್ಕಳು ಅರ್ಜಿಯನ್ನೇ ಹಾಕಲಿಲ್ಲ ಎಂಬುದು ಒಟ್ಟು ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಈ ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ನನ್ನ ವಾದದ ಅರ್ಧ ಭಾಗವೇ ಇದು. ಯಹೂದಿ ಕುಟುಂಬವೊಂದು ಭಯದಿಂದ ಹಿಂದೆ ಸರಿದಿರಬಹುದು. ಪ್ಯಾಲೆಸ್ಟೀನ್ ಪರ ಮಾತಾಡಿದ ವಿದ್ಯಾರ್ಥಿಗಳ ಹೆಸರು, ಫೋಟೊಗಳನ್ನು ಲಾರಿಯ ಪರದೆಯ ಮೇಲೆ ಹಾಕಿ ಊರಲ್ಲಿ ಸುತ್ತಿಸಿದ್ದನ್ನು ಕಂಡ ಅರಬ್ ಕುಟುಂಬವೂ ಹಿಂದೆ ಸರಿದಿರಬಹುದು. ಅವರ ಜಾಗದಲ್ಲಿ ಬೇರೆಯವರು ಬಂದು ಅಂಕಿ ಸಮವಾಗಿ ನಿಲ್ಲುತ್ತದೆ. ಶೇ 5 ಎಂಬ ಅಂಕಿ ಹಿಡಿದು ಜಗ್ಗಾಡುವವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಸುದ್ದಿಗೆ ನಿಜವಾಗಿ ಹೆದರಿದವರು ದಾನಿಗಳು. 2024ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಹಾರ್ವರ್ಡ್‌ಗೆ ಬಂದ ದೇಣಿಗೆ ಶೇ 14ರಷ್ಟು, 15 ಕೋಟಿ ಡಾಲರಿಗೂ ಹೆಚ್ಚು, ಇಳಿಯಿತು. ಕೆನ್ ಗ್ರಿಫಿನ್‌ರಂಥ ಕುಬೇರರು ಬಹಿರಂಗವಾಗಿಯೇ ಕೈ ಹಿಂದೆಳೆದರು. ದಾನಿ ಕೊಡುವುದನ್ನು ನಿಲ್ಲಿಸಿದರೆ ಅವನಿಗೆ ನಷ್ಟವಿಲ್ಲ, ಮೇಲಾಗಿ ಆ ಮೂಲಕ ಒಂದು ಮಾತು ಹೇಳಿದಂತಾಗುತ್ತದೆ. ಹದಿನೇಳು ವರ್ಷದ ಹುಡುಗ ಅರ್ಜಿ ಹಾಕದೆ ಪ್ರತಿಭಟಿಸಿದರೆ ಹಾರ್ವರ್ಡಿಗೆ ಗೊತ್ತೂ ಆಗುವುದಿಲ್ಲ, ಕಳೆದುಕೊಳ್ಳುವವನು ಅವನೇ. ಹಾಗಾಗಿ ಅವನು ಅರ್ಜಿ ಹಾಕುತ್ತಾನೆ.

ನಮ್ಮಲ್ಲಿ ಇದು ಇನ್ನೂ ಸ್ಪಷ್ಟ. 2024ರ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕದ ಗೊಂದಲ, ಸಿಬಿಐ ತನಿಖೆ, ಸುಪ್ರೀಂ ಕೋರ್ಟಿನ ವಿಚಾರಣೆಗಳಷ್ಟು ಕೆಟ್ಟ ಪ್ರಚಾರ ಬಂದ ಪ್ರವೇಶ ಪರೀಕ್ಷೆಗಳು ವಿರಳ. ಕರ್ನಾಟಕದ ವಿಧಾನಸಭೆ ಅದೇ ವರ್ಷದ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯವನ್ನೂ ಅಂಗೀಕರಿಸಿತು. ಮುಂದಿನ ವರ್ಷ ನೋಂದಾಯಿಸಿದವರು 24 ಲಕ್ಷದಿಂದ 22 ಲಕ್ಷ ಚಿಲ್ಲರೆಗೆ ಇಳಿದರು; ಆದರೂ ಅದು ಹಗರಣಕ್ಕೆ ಮುಂಚಿನ 2023ರ ಸಂಖ್ಯೆಗಿಂತ ಹೆಚ್ಚೇ. ಡಾಕ್ಟರಾಗಬೇಕೆಂದಿರುವ ರಾಯಚೂರಿನ ಹುಡುಗಿಗೆ ಆ ಪರೀಕ್ಷೆಯ ಮೇಲೆ ನಂಬಿಕೆ ಇರಲಿ ಬಿಡಲಿ, ಬೇರೆ ಬಾಗಿಲು ಇಲ್ಲ. ಅವಳ ನೋಂದಣಿಯನ್ನು ಪರೀಕ್ಷಾ ಸಂಸ್ಥೆಗೆ ಸಿಕ್ಕ ವಿಶ್ವಾಸಮತ ಎಂದು ಎಣಿಸುವುದು ಎಷ್ಟು ತಪ್ಪೋ, ಹಾರ್ವರ್ಡಿನ 47,893ನ್ನು ಅವಿಶ್ವಾಸಮತ ಎಂದು ಎಣಿಸುವುದೂ ಅಷ್ಟೇ ತಪ್ಪು.

ವಿದೇಶಿ ವಿದ್ಯಾರ್ಥಿಗಳ ಮಟ್ಟಿಗೆ ಮಾತ್ರ ಈ ಲೆಕ್ಕಾಚಾರ ಬದಲಾಗಬಹುದು, ಬೆಂಗಳೂರಿನ ಅನೇಕ ಮನೆಗಳಿಗೆ ಸಂಬಂಧಪಟ್ಟ ವಿಷಯವೂ ಇದೇ. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷ, ಬೇರೆ ಯಾವ ದೇಶದವರಿಗಿಂತಲೂ ಹೆಚ್ಚು. 2025ರ ಮೇ 22ರಂದು ಟ್ರಂಪ್ ಸರ್ಕಾರ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡಿನ ಮಾನ್ಯತೆಯನ್ನೇ ರದ್ದು ಮಾಡಿತು. ಮಾರನೆಯ ದಿನವೇ ನ್ಯಾಯಾಧೀಶೆ ಅಲಿಸನ್ ಬರೋಸ್ ಅದಕ್ಕೆ ತಡೆ ಕೊಟ್ಟರು. ಆದರೆ ಇಲ್ಲಿನ ಪೋಷಕರು ಹಿಂಜರಿದರೆ ಅದನ್ನು ಕೆಟ್ಟ ಪ್ರಚಾರದ ಫಲ ಎನ್ನಲಾಗದು. ವೀಸಾ ಸಿಗುತ್ತದೋ ಇಲ್ಲವೋ, ಅರ್ಧದಲ್ಲಿ ಮನೆಗೆ ಕಳಿಸುತ್ತಾರೋ ಎಂಬುದು ಹೆಸರಿನ ಪ್ರಶ್ನೆಯಲ್ಲ, ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ. ಮುಂದಿನ ವರ್ಷಗಳಲ್ಲಿ ವಿದೇಶಿ ಅರ್ಜಿಗಳು ಇಳಿದರೆ ಎರಡನ್ನೂ ಕಲಸಿ ಹೇಳುವ ಬರಹಗಳು ಖಂಡಿತ ಬರುತ್ತವೆ. ಹಾರ್ವರ್ಡ್ ಕೂಡ ಈ ಗೊಂದಲಕ್ಕೆ ತನ್ನ ಪಾಲು ಕೊಟ್ಟಿದೆ: ಮೊದಲೆಲ್ಲ ಡಿಸೆಂಬರ್‌ನಲ್ಲಿ, ಮಾರ್ಚ್‌ನಲ್ಲಿ ಬಿಡುಗಡೆ ಮಾಡುತ್ತಿದ್ದ ಅಂಕಿಗಳನ್ನು ಈಗ ಅಕ್ಟೋಬರ್‌ವರೆಗೆ ತಡೆದಿಟ್ಟುಕೊಳ್ಳುತ್ತಿದೆ. ಅಂಕಿ ತಡವಾದಷ್ಟೂ ಅದು ಹುಟ್ಟಿದ ದಿನಾಂಕ ಮರೆತುಹೋಗಿ, ಹೊರಬಿದ್ದ ದಿನದ ಸುದ್ದಿಯ ಜೊತೆ ಅಂಟಿಕೊಳ್ಳುತ್ತದೆ. ಅರ್ಜಿಗಳು 47,893 ಆಗಲಿ, 40 ಸಾವಿರವೇ ಆಗಲಿ, ಅದರಿಂದ ನನ್ನ ಅಭಿಪ್ರಾಯ ಕದಲುವುದಿಲ್ಲ. ಸೀಟು ಸಿಕ್ಕ ನೂರು ಮಂದಿಯಲ್ಲಿ ಸೇರುವವರು 84ರಿಂದ 75ಕ್ಕೆ ಇಳಿದು, ಬೇಡ ಎಂದವರು ಯೇಲ್‌ಗೋ ಎಂಐಟಿಗೋ ಹೋದರೆಂದು ಗೊತ್ತಾದರೆ ಆಗ ಕದಲುತ್ತದೆ.